ಸಾಲು ಮುನ್ನೂರ ಹನ್ನೊಂದು

ನನ್ನ ಕೆಲಸ ಕವಿತೆ ಓದುವುದಲ್ಲ, ಹಿಡಿಯುವುದು. ಯಂತ್ರಗಳು ಬರೆಯಲು ಕಲಿತ ಮೇಲೆ ಪತ್ರಿಕೆಗಳಿಗೆ ದಿನಕ್ಕೆ ಸಾವಿರಗಟ್ಟಲೆ ಕವಿತೆಗಳು ಬಂದು ಬೀಳುತ್ತಿವೆ. ಸಂಪಾದಕರು ಕೈಚೆಲ್ಲಿ ಆ ರಾಶಿಯನ್ನು ನಮ್ಮ ಆಫೀಸಿಗೆ ಕಳಿಸುತ್ತಾರೆ. ಸ್ಕ್ರೀನಿನ ಮೇಲೆ ಎರಡು ಬಟನ್: ‘ಮನುಷ್ಯ’, ‘ಯಂತ್ರ’. ಒಂದು ಕವಿತೆಗೆ ಇಪ್ಪತ್ತು ಸೆಕೆಂಡು. ತಿಂಗಳಲ್ಲಿ ಮೂರು ತಪ್ಪಾದರೆ ಕೆಲಸ ಹೋಯಿತು. ನನ್ನವು ಆಗಲೇ ಎರಡಾಗಿದ್ದವು.

ನನ್ನ ಗಂಡ ಕವಿ. ಪ್ರಯೋಗಶೀಲ ಕವಿ ಎಂದು ಅವರೇ ತಿದ್ದುತ್ತಾರೆ. ಹದಿನೇಳು ವರ್ಷದಿಂದ ಬರೆಯುತ್ತಿದ್ದರೂ ಒಂದೂ ಅಚ್ಚಾಗಿಲ್ಲ. ಈ ಸಲ ಮಾಹಿತಿಯ ಮಹಾಪೂರಕ್ಕೆ ಉತ್ತರ ಕೊಡುತ್ತೇನೆಂದು ಆರು ತಿಂಗಳು ಊಟದ ಮೇಜಿಗೆ ಅಂಟಿಕೊಂಡು ಕೂತು, ಮನೆಯಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಗುರುತು ಹಾಕಿಕೊಂಡರು. ಫ್ರಿಜ್ಜು ಎಷ್ಟು ತಣ್ಣಗಿದೆ, ಲಿಫ್ಟು ಎಷ್ಟು ಹೊತ್ತು ನಿಂತಿತು, ಫೋನು ಎಷ್ಟು ಸಲ ಕುಯ್‌ಗುಟ್ಟಿತು. ಒಟ್ಟು ಎಂಟುನೂರು ಸಾಲು.

“ಓದಿದೋರಿಗೆ ಇದನ್ನ ಮನುಷ್ಯ ಬರೆದ ಅಂತ ಅನ್ನಿಸ್ಲೇಬಾರದು ಕಣೇ,” ಎಂದರು.

“ಅದೇನು ಕಷ್ಟ ಬಿಡಿ. ಮನೇಲಿ ಇನ್ನೊಬ್ಬ ಮನುಷ್ಯ ಇದಾನೆ ಅಂತ ನಂಗೇ ಅನ್ನಿಸ್ತಿಲ್ಲ.”

ಅದನ್ನೂ ಹೊಗಳಿಕೆ ಎಂದುಕೊಂಡರು.

ಅವರು ಪತ್ರಿಕೆಗೆ ಕಳಿಸಿದ ಆ ಕವಿತೆ ಸೋಮವಾರ ನನ್ನ ಸ್ಕ್ರೀನಿಗೇ ಬಂತು. ಕವಿಯ ಹೆಸರು ನಮಗೆ ಕಾಣಿಸುವುದಿಲ್ಲ. ಆದರೆ ನಮ್ಮ ಮನೆಯ ಫ್ರಿಜ್ಜು ನನಗೆ ಗೊತ್ತಾಗದೆ ಇರುತ್ತದೆಯೇ? ಪಾಪ, ಒಮ್ಮೆಯಾದರೂ ಅಚ್ಚಾಗಲಿ ಎಂದು ‘ಮನುಷ್ಯ’ ಒತ್ತಿದೆ. ಕಂಪ್ಯೂಟರು ಒಪ್ಪಲಿಲ್ಲ. ನಮ್ಮ ಮೇಲ್ವಿಚಾರಕಿ ಮೇಡಂ ಬಂದು ಕುರ್ಚಿಯ ಹಿಂದೆ ನಿಂತರು.

“ಇದು ಮನುಷ್ಯ ಬರೆದಿದ್ದಾ? ಯಾವ ಸಾಲು ನೋಡಿ ಹೇಳಿದೆ? ಒಂದೇ ಒಂದು ತೋರಿಸು. ಇಲ್ದಿದ್ರೆ ಇದು ಮೂರನೇದು.”

ನನ್ನ ಗಂಡ ಬರೆದದ್ದು ಎಂದರೆ ಪಕ್ಷಪಾತವೆಂದು ಅವರ ಕವಿತೆಯೂ ಹೋಗುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು. ಮದುವೆಯಾದ ಮೇಲೆ ಮೊದಲ ಬಾರಿಗೆ ಅವರ ಕವಿತೆಯನ್ನು ಸಾಲು ಸಾಲಾಗಿ ಓದಿದೆ. ಮುನ್ನೂರ ಹನ್ನೊಂದನೆಯದು ಹೀಗಿತ್ತು:

‘ಮಾರ್ಚ್ 14. 7.52. ಹೆಂಡತಿ ಬಂದಳು. ಕಣ್ಣು ಕೆಂಪು. ಕೇಳಲಿಲ್ಲ.’

ಅವತ್ತು ಆಸ್ಪತ್ರೆಯಲ್ಲಿ ಅಪ್ಪ ನನ್ನ ಮುಖ ನೋಡಿ, “ಯಾರಮ್ಮಾ ನೀನು?” ಎಂದಿದ್ದರು. ದಾರಿಯುದ್ದಕ್ಕೂ ಅತ್ತುಕೊಂಡು ಬಂದಿದ್ದೆ. ಇವರು ತಲೆಯೆತ್ತಿಯೂ ನೋಡಲಿಲ್ಲ ಎಂದೇ ಇಷ್ಟು ದಿನ ನಂಬಿದ್ದೆ. ನೋಡಿದ್ದರು. ಬರೆದೂ ಇಟ್ಟಿದ್ದರು. ಸಂತೋಷವಾಯಿತು, ಮರುಕ್ಷಣವೇ ಮೈಯೆಲ್ಲ ಉರಿಯಿತು.

“ಯಂತ್ರ ಆಗಿದ್ರೆ ‘ಕಣ್ಣು ಕೆಂಪು’ ಅಂತ ಬರೆದು ಮುಂದಕ್ಕೆ ಹೋಗ್ತಿತ್ತು ಮೇಡಂ. ‘ಕೇಳಲಿಲ್ಲ’ ಅಂತ ಯಾಕೆ ಬರೆಯುತ್ತೆ?”

ಮೇಡಂ ಎರಡು ಸಲ ಓದಿದರು. “ಹೌದು, ಮನುಷ್ಯನೇ. ಅದರಲ್ಲೂ ಗಂಡ,” ಎಂದು ಒಪ್ಪಿಗೆ ಕೊಟ್ಟರು.

ಮುಂದಿನ ತಿಂಗಳು ಕವಿತೆ ಅಚ್ಚಾಯಿತು. ‘ಮನುಷ್ಯನೇ ಬರೆದದ್ದು’ ಎಂಬ ಮುದ್ರೆ ಬೇರೆ. ಇವರು ಮೇಜಿನ ಮುಂದೆ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದರು.

“ಎಲ್ಲಿ ಸಿಕ್ಕಿಬಿದ್ದೆ ನಾನು?” ಎಂದರು.

ಪತ್ರಿಕೆ ಎಳೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟೆ. ಬಹಳ ಹೊತ್ತು ನೋಡಿದರು. ಈಗಲಾದರೂ ಕೇಳುತ್ತಾರೆ ಎಂದು ಕಾದೆ. ಅವರು ಪೆನ್ಸಿಲ್ ತೆಗೆದು ಸಾಲನ್ನು ನೀಟಾಗಿ ಹೊಡೆದುಹಾಕಿದರು.

“ಇದೊಂದು ತೆಗೆದ್ರೆ ಇನ್ನೆಲ್ಲೂ ಗೊತ್ತಾಗಲ್ಲ ಅಲ್ವೇನೇ?”

“ಇಲ್ಲ ಕಣ್ರೀ,” ಎಂದೆ. “ಇನ್ನೆಲ್ಲೂ ಗೊತ್ತಾಗಲ್ಲ.”