ಕಾಡತೂಸಿನ ಬುಡದ ಹಸಿರು

ನಮ್ಮೂರು ಕುನವಾರಾದ ರೈಫಲ್ ಕ್ಲಬ್ಬಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಹೊಡೆದ ಮೇಲೆ ನೆಲಕ್ಕೆ ಬಿದ್ದ ಖಾಲಿ ಹಿತ್ತಾಳೆ ಕಾಡತೂಸು ಯಾರದೆಂದು ತಿಳಿಯಲು ಮೊದಲೇ ಬುಡಕ್ಕೆ ಮಾರ್ಕರಿನಿಂದ ಗೆರೆ ಎಳೆದಿರುತ್ತೇವೆ. ಆಯ್ದು ಮನೆಗೆ ಒಯ್ದು ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಒಳಗೆ ಮದ್ದು, ಗುಂಡು ತುಂಬಿ ಮತ್ತೆ ಹೊಡೆಯುತ್ತೇವೆ. ನನ್ನದು ಹಸಿರು. ಮರ್ವ್ ಪ್ಲಂಕೆಟ್ ಅಜ್ಜನದು ನೀಲಿ. ತುಂಬುವುದನ್ನು ನನಗೆ ಕಲಿಸಿದ್ದೇ ಅವನು.

ಆ ಶನಿವಾರ ನನ್ನವು ಹನ್ನೊಂದು ಕಡಿಮೆ ಬಂದವು. ಮರ್ವ್‌ನ ಡಬ್ಬಿಯೊಳಗೆ ಇಣುಕಿದರೆ ಬುಡಗಳೆಲ್ಲ ಹಸಿರು. ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ವಾರವಿಡೀ ಕಂಡವರ ಬೈಗುಳ ನುಂಗಿ ಬಂದವನು ನಾನು. ಇಲ್ಲಿಯೂ ನುಂಗುವ ದರ್ದು ನನಗಿರಲಿಲ್ಲ.

"ಏನಜ್ಜ, ನೀಲಿ ಪೆನ್ನು ಒಣಗೋಯ್ತು ಅಂತ ನನ್ನ ಹಸಿರಿಗೆ ಕೈ ಹಾಕಿದ್ಯಾ? ಈ ವಯಸ್ಸಲ್ಲಿ ಕಳ್ಳತನ ಬೇರೆ."

ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿದರು. ಮರ್ವ್ ಡಬ್ಬಿ ಮುಚ್ಚಿ ನನ್ನ ಕಡೆ ತಳ್ಳಿದ. "ತಗೊಂಡ್ಹೋಗು, ಕೇಡ್," ಎಂದು ನನ್ನ ಹೆಸರು ಹಿಡಿದೇ ಹೇಳಿದ.

"ಇನ್ಮೇಲೆ ಡಬ್ಬಿಗೆಲ್ಲ ಬೀಗ ಹಾಕ್ಬೇಕಪ್ಪ," ಎಂದು ಕಾರ್ಯದರ್ಶಿ ಡಗಲ್ ನಕ್ಕ. ನನಗೆ ಖುಷಿಯೇ ಆಯಿತು.

ಭಾನುವಾರ ತುಂಬಲು ಕೂತೆ. ಹಳೆಯ ಗೆರೆ ಒರೆಸಲು ಸ್ಪಿರಿಟ್ ಬಟ್ಟೆ ಹಿಡಿದರೆ, ನನ್ನವು ಒಂದೇ ಸಲಕ್ಕೆ ಬೋಳಾದವು. ಮರ್ವ್‌ನ ಡಬ್ಬಿಯವುಗಳ ಬಣ್ಣ ಹೋಗಲೇ ಇಲ್ಲ. ಬೆಳಕಿಗೆ ಹಿಡಿದೆ. ಅದು ಗೆರೆಯಲ್ಲ, ಕೇಪಿನ ಸುತ್ತ ಕೂದಲೆಳೆಯಂಥ ಉಂಗುರ. ತೇವ ಇಳಿಯದಿರಲೆಂದು ಕಾರ್ಖಾನೆಯಲ್ಲೇ ಬಳಿಯುವ ಮೆರುಗೆಣ್ಣೆ. ಎಲ್ಲವೂ ಅಂಗಡಿಯಿಂದ ಹೊಸದಾಗಿ ಕೊಂಡು ಒಮ್ಮೆ ಹೊಡೆದವು. ನನ್ನ ಹನ್ನೊಂದೂ, ಮೊದಲ ಸುತ್ತಾದ ಮೇಲೆ ನಾನೇ ಒಯ್ದಿಟ್ಟವು, ಗಾಡಿಯ ಸೀಟಿನ ಕೆಳಗೆ ಸಿಕ್ಕವು.

ಮರ್ವ್ ಮನೆಗೆ ಹೋಗಿ ಬಾಗಿಲಲ್ಲೇ ಡಬ್ಬಿ ಚಾಚಿದೆ. ಅವನ ಕೈಗೆ ಹೋದದ್ದೇ ಡಬ್ಬಿ ಗಲಗಲ ಅನ್ನತೊಡಗಿತು. ಕೈ ಅಷ್ಟು ನಡುಗುತ್ತಿತ್ತು.

"ಕಾರ್ಖಾನೆ ಬಣ್ಣ ಅಂತ ಅಲ್ಲೇ ಹೇಳ್ಬಾರ್ದಿತ್ತಾ ಅಜ್ಜ?"

"ಹೇಳಿದ್ರೆ, ಮೂವತ್ತು ವರ್ಷ ಕೈಯಾರೆ ತುಂಬಿದೋನು ಅಂಗಡೀದ್ಯಾಕೆ ತಂದೆ ಅಂತ ಕೇಳ್ತಿದ್ರು. ಮದ್ದು ತೂಗಕ್ಕಾಗಲ್ಲ ಕಣೋ ಈಗ, ಅರ್ಧ ಮೇಜಿನ ಮೇಲೇ ಚೆಲ್ಲತ್ತೆ. ಅದನ್ನ ಹೇಳ್ಕೊಳ್ಳೋದಕ್ಕಿಂತ ಕಳ್ಳ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು." ಡಬ್ಬಿಯನ್ನು ಕಂಕುಳಲ್ಲಿ ಅವುಚಿ, "ನೀನೂ ಬಾಯ್ಬಿಡ್ಬೇಡ," ಅಂದ.

ಒಳಗೆ ಕರೆಯದೆ ಬಾಗಿಲು ಹಾಕಿಕೊಂಡ.

ಮುಂದಿನ ಶನಿವಾರ ಅದೇ ಜನರೆದುರು ನಿಂತೆ. "ನನ್ನವು ನನ್ನ ಗಾಡೀಲೇ ಇದ್ವು. ಮರ್ವ್ ಏನೂ ತಗೊಂಡಿಲ್ಲ."

"ಮತ್ತೆ ಹಸಿರು ಹಸಿರು ಅಂತ ಕುಣಿದ್ಯಲ್ಲ ಮಾರಾಯ?" ಡಗಲ್ ಕೇಳಿದ.

ನಿಜ ಹೇಳಿದರೆ ಮರ್ವ್‌ನ ಕೈ ನಡುಕ ಬಯಲಾಗುತ್ತಿತ್ತು.

"ಹಸಿರು ಇರ್ಲಿಲ್ಲ. ಸರಿಯಾಗಿ ನೋಡದೆ ಕೂಗಾಡ್ದೆ."

"ಅಂದ್ರೆ ಏನೂ ಇಲ್ದೆ ಒಬ್ಬ ಮುದುಕನ್ನ ಕಳ್ಳ ಮಾಡ್ದೆ."

"ಹೌದು."

ಯಾರೂ ನಗಲಿಲ್ಲ. ಯಾವಾಗಲೂ ನನ್ನ ಪಕ್ಕದಲ್ಲಿ ಮಲಗಿ ಗುರಿ ಹಿಡಿಯುವವನು ತನ್ನ ಚಾಪೆ ಸುತ್ತಿಕೊಂಡು ಆಚೆ ತುದಿಗೆ ಹೋದ. ಹಲ್ಲು ಕಚ್ಚಿ ನಿಂತೇ ಇದ್ದೆ. ಮರ್ವ್ ಗುರಿಹಲಗೆ ನೋಡುವ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.