ಅಮ್ಮನ ಕೋಟಿನ ಹಕ್ಕಿಗಳು

ಬಾಗಿಲು ತೆರೆದ ಕೂಡಲೇ ಅಕ್ಕನಿಗೆ ಗೊತ್ತಾಯಿತು, ತಂಗಿ ಜಗಳ ಕಾಯಲೆಂದೇ ಬಂದಿದ್ದಾಳೆ ಎಂದು. ಚಪ್ಪಲಿಯನ್ನೂ ಬಿಡದೆ ನೇರ ನಡುಮನೆಗೆ ನುಗ್ಗಿದವಳು ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕೆಂಪು ಬಟ್ಟೆಯ ಪುಟ್ಟ ಹಕ್ಕಿಗಳು ಬಳಬಳನೆ ಉದುರಿದವು.

ಎಲ್ಲವೂ ಅಕ್ಕನ ಕೈಕೆಲಸವೇ. ವರ್ಷದ ಕೊನೆಯ ರಜೆಗೆ ನೆಂಟರಿಷ್ಟರಿಗೆಲ್ಲ ಕಿಟಕಿಗೆ ತೂಗುಹಾಕುವಂಥದ್ದೇನಾದರೂ ಹೊಲಿದು ಕೊಡುವುದು ಅವಳ ರೂಢಿ. ಹಗಲೆಲ್ಲ ಪರದೆ ಅಂಗಡಿಯಲ್ಲಿ ಮಿಷನ್ ತುಳಿಯುವವಳು, ಇದನ್ನು ಮಾತ್ರ ಕೈಯಲ್ಲೇ ಹೊಲಿಯುತ್ತಿದ್ದಳು. ಅಂಚಿಗೆ ಒತ್ತಾದ ಕಾಜಾ ಹೊಲಿಗೆ, ಹೊಟ್ಟೆಗೆ ಹತ್ತಿ, ಕಣ್ಣಿಗೆ ಕಪ್ಪು ಮಣಿ, ಬೆನ್ನಿಗೆ ದಾರದ ಕುಣಿಕೆ. ಗಂಟು ಹೊರಗೆ ಕಾಣದಂತೆ ಪದರದೊಳಗೆ ಅಡಗಿಸಿದ ಮೇಲೇ ಅವಳಿಗೆ ಸಮಾಧಾನ. ಈ ಸಲದ ಬಟ್ಟೆ ಮಾತ್ರ ಅಂಗಡಿಯದಲ್ಲ, ತೀರಿಹೋದ ಅಮ್ಮನ ಕೆಂಪು ಉಣ್ಣೆ ಕೋಟು.

"ಚಿಕ್ಕಮ್ಮಂದು, ಮಾವಂದು, ಅಣ್ಣನ ಮನೇದು. ಎಲ್ಲರ ಹತ್ರಾನೂ ಕೇಳಿ ತಂದಿದೀನಿ," ಎಂದಳು ತಂಗಿ.

"ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚ್ಕೆ ಆಗ್ಲಿಲ್ವಾ?"

"ಅಮ್ಮನ ಕೋಟಿಗೆ ಕತ್ತರಿ ಹಾಕೋವಾಗ ನಿಂಗಾಯ್ತಾ?"

ಕೂತ್ಕೋ ಎನ್ನುವವರಿಲ್ಲದಿದ್ದರೂ ತಂಗಿ ಕುರ್ಚಿ ಎಳೆದು ಕೂತಳು. ಹೊಲಿಗೆ ಡಬ್ಬಿಯಿಂದ ಬ್ಲೇಡು ತೆಗೆದು ಒಂದು ಹಕ್ಕಿಯ ಹೊಟ್ಟೆ ಸೀಳಿದಳು. ಹತ್ತಿ ಹೊರಬಂತು. ಇನ್ನೊಂದನ್ನು ಎತ್ತಿಕೊಂಡಳು. ಅಕ್ಕ ಕೈಕಟ್ಟಿ ನಿಂತಳು. ತಡೆಯಲು ಹೋದರೆ ಗೆಲುವು ಅವಳದಾಗುತ್ತದೆ ಎಂಬ ಹಟ.

"ಎಲ್ಲಾ ಬಿಚ್ಚಿ, ಟೈಲರ್‌ಗೆ ಕೊಟ್ಟು ಮತ್ತೆ ಕೋಟು ಮಾಡಿಸ್ತೀನಿ."

"ಮಾಡಿಸು. ಬೆನ್ನಿಗೇನು ನಿನ್ನ ಸೆರಗು ಹಾಕಿಸ್ತೀಯಾ? ಬೆನ್ನು ಪೂರಾ ನುಸಿ ತಿಂದಿತ್ತು. ಉಳಿದಿದ್ದು ತೋಳು, ಕಾಲರು ಅಷ್ಟೇ."

"ಸುಳ್ಳು. ಹೋದ ಸಲ ನಾನು ಬಂದಾಗ ಚೆನ್ನಾಗೇ ಇತ್ತು."

"ಹೋದ ಸಲ ಅಂದ್ರೆ? ಅಮ್ಮಂಗೆ ಇನ್ನೂ ನಿನ್ನ ಗುರುತು ಸಿಕ್ತಿದ್ದ ಕಾಲದಲ್ಲಾ?"

ತಂಗಿಯ ಮುಖ ಬಿಳಿಚಿಕೊಂಡಿತು. ಬ್ಲೇಡು ಹಿಡಿದ ಕೈ ಅಲ್ಲೇ ನಿಂತಿತು. ಚುಚ್ಚಬೇಕಾದಲ್ಲೇ ಚುಚ್ಚಿದೆ ಎಂದು ಅಕ್ಕನಿಗೆ ಒಳಗೊಳಗೇ ಹಿತವಾಯಿತು. ಆದರೆ ಆ ಹಿತ ಹೆಚ್ಚು ಹೊತ್ತು ಉಳಿಯಲಿಲ್ಲ.

"ಕೊನೇವರೆಗೂ ನೀನೇ ನೋಡ್ಕೊಂಡೆ ಅಂತ ಅಮ್ಮ ಪೂರ್ತಿ ನಿನ್ನ ಪಾಲಿಗೇ ಬಂದ್ಬಿಟ್ಳಾ?" ತಂಗಿ ದನಿ ಏರಿಸದೆ ಕೇಳಿದಳು. "ಕತ್ತರಿಸೋ ಮುಂಚೆ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕೇಳಿದರೆ ತಂಗಿ ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ ಅಕ್ಕ ಕೇಳಿರಲಿಲ್ಲ. ಅದನ್ನು ಸತ್ತರೂ ಇವಳೆದುರು ಒಪ್ಪಿಕೊಳ್ಳಲಾರಳು. ಮೇಜಿನ ಕಡೆ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲ ಹಕ್ಕಿಗಳ ಕೊಕ್ಕೂ ಹಳದಿ ದಾರದ್ದು. ತಂಗಿಗೆ ಕೊಟ್ಟದ್ದಕ್ಕೆ ಮಾತ್ರ ಹಳದಿ ಮುಗಿದುಹೋಗಿ ಬಿಳಿ ದಾರ ಹಾಕಿದ್ದಳು. ಬಿಳಿ ಕೊಕ್ಕಿನದು ಅಲ್ಲಿರಲಿಲ್ಲ.

"ನಿಂದೆಲ್ಲಿ?"

"ಮನೇಲಿದೆ."

"ಬಿಚ್ಚಿದ್ಯಾ?"

"ಇಲ್ಲ."

"ಯಾಕೆ?"

"ನಂದು. ನನ್ನಿಷ್ಟ."

ಅಕ್ಕನ ನೆತ್ತಿಗೆ ಬೆಂಕಿ ಹತ್ತಿದಂತಾಯಿತು. ಬ್ಲೇಡು ಕಿತ್ತುಕೊಂಡಳು. ಸೀಳಿದ್ದು, ಸೀಳದ್ದು, ಹತ್ತಿ, ಮಣಿ ಎಲ್ಲವನ್ನೂ ಎರಡೂ ಕೈಯಿಂದ ತನ್ನ ಮಡಿಲಿಗೆ ಬಾಚಿಕೊಂಡಳು. "ನಿಂದು ನಿಂಗೆ ಬೇಕು, ಬೇರೆಯವರದ್ದು ಮಾತ್ರ ಕೋಟಾಗ್ಬೇಕು, ಅಲ್ವಾ? ಏಳು. ಎದ್ದು ಹೊರಡು."

"ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ."

"ಹತ್ತಬೇಡ. ಮೊದಲೇನು ದಿನಾ ಹತ್ತಿ ಸವೆಸ್ತಿದ್ಯಾ?"

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಗೋಡೆಯ ಕ್ಯಾಲೆಂಡರ್ ಅಲುಗಾಡಿತು.

ಅಕ್ಕ ಅಂಗಡಿಗೆ ರಜೆ ಹಾಕಿ ಮತ್ತೆ ಸೂಜಿ ಹಿಡಿದಳು. ಬ್ಲೇಡು ತಾಗಿದಲ್ಲೆಲ್ಲ ಅಂಚು ಎಳೆಬಿಟ್ಟಿದ್ದರಿಂದ ಹೊಲಿಗೆಯನ್ನು ಒಳಗೆ ತರಬೇಕಾಯಿತು. ಹಕ್ಕಿಗಳು ಬಡಕಲಾದವು. ಹೊಲಿಯುವಷ್ಟು ಹೊತ್ತೂ ತಂಗಿಗೆ ಮನಸ್ಸಿನಲ್ಲೇ ಬೈಯುತ್ತಿದ್ದಳು. ನಡುನಡುವೆ 'ಒಂದು ಮಾತು ಕೇಳಿದ್ರೆ' ಎಂಬ ಆ ಪ್ರಶ್ನೆ ನೆನಪಾಗಿ ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

ರಜೆ ಶುರುವಾಗುವ ಮೊದಲು ಎಲ್ಲರ ಮನೆಗೂ ತಾನೇ ಹೋಗಿ ಹಿಂದಿರುಗಿಸಿದಳು. ಚಿಕ್ಕಮ್ಮ ಹಕ್ಕಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಸಣ್ಣಗಾಗಿದ್ಯಲ್ಲೇ ಇದು."

"ನಿಮ್ಮನೇಲಿ ಸರಿಯಾಗಿ ಊಟ ಹಾಕಿಲ್ಲ ಅಂತ ಕಾಣುತ್ತೆ."

ಚಿಕ್ಕಮ್ಮ ನಗಲಿಲ್ಲ. "ಅವಳ ಹತ್ರ ಮಾತಾಡಿದ್ಯಾ?"

"ಇಲ್ಲ."

"ಆಡೇ. ಇರೋಳು ಒಬ್ಬಳೇ ತಂಗಿ."

"ಅವಳೇ ಬರ್ಲಿ," ಎಂದು ಅಕ್ಕ ಕುರ್ಚಿ ಹತ್ತಿ, ಹಕ್ಕಿಯನ್ನು ಕಿಟಕಿಯ ಮೊಳೆಗೆ ಸಿಕ್ಕಿಸಿದಳು.