ಗಾಜಿಗೆ ಬೇರೆ ಲಾರಿ

ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೈಯಾಡಿಸಿದ ಡ್ರೈವರ್, ಕಪ್ಪಾದ ಬೆರಳನ್ನು ಮೂಸಿ ನೋಡಿದ. ಗಾಡಿಗೆ ಒಂದು ಬಕೆಟ್ ನೀರು ಹೊಯ್ಯಲೂ ಜಿಪುಣತನ ಮಾಡುವ ಯಜಮಾನ, ಕೊಂಡಿಗೆ ಮಾತ್ರ ಬಣ್ಣ ಹೊಡೆಸಿದ್ದಾನೆ! ಯಾವ ಸಂಭ್ರಮಕ್ಕೋ?

ಮೊನ್ನೆ ಇಳಿಜಾರಿನಲ್ಲಿ ಯಾವುದೋ ಲಾರಿ ಹಿಂದಿನಿಂದ ಬಂದು ಟ್ರೇಲರಿಗೆ ಗುದ್ದಿತ್ತು. ಪುಣ್ಯಕ್ಕೆ ಆಳುಗಳೆಲ್ಲ ಇಳಿದಾಗಿತ್ತು. ಆ ಏಟಿಗೆ ಟ್ರೇಲರ್ ಮುಂದಕ್ಕೆ ನುಗ್ಗಿ, ಕೊಂಡಿ ಲಟಕ್ ಎಂದದ್ದನ್ನು ಅವನು ಮರೆತಿರಲಿಲ್ಲ.

"ರಿಪೇರಿ ಆಯ್ತಾ ಯಜಮಾನ್ರೆ?"

"ಏನಾಗಿತ್ತು ಅಂತ ರಿಪೇರಿ? ಹೊಸದರ ಹಾಗೆ ಹೊಳೀತಿದೆ ನೋಡು." ಯಜಮಾನ ಅವನ ಹೆಗಲ ಮೇಲೆ ಕೈ ಹಾಕಿದ. "ಟೀ ಕುಡಿದ್ಯೇನೋ?"

ಕೆಲಸಕ್ಕೆ ಸೇರಿದಾಗಿನಿಂದ ಈ ಪುಣ್ಯಾತ್ಮ ಟೀ ವಿಚಾರಿಸಿದವನಲ್ಲ.

"ಬೆಸುಗೆಯವನಿಗೆ ತೋರಿಸಿದ್ರಾ?"

"ಓಡ್ಸೋಕೆ ಭಯ ಆದ್ರೆ ಹೇಳು. ಬೀಗದ ಕೈಗೆ ಕೈಚಾಚೋರು ಬೇಕಾದಷ್ಟಿದ್ದಾರೆ." ಹೆಗಲ ಮೇಲಿದ್ದ ಕೈ ಜಾರಿತು.

ಕಟ್ಟಡದ ಕೆಲಸದವರು ಆಗಲೇ ಟ್ರೇಲರ್ ಹತ್ತಿ ಕೂತಿದ್ದರು. ಅವರ ನಡುವೆ ಡ್ರೈವರನ ಹೆಂಡತಿಯೂ ಇದ್ದಳು. ದಿನವೂ ಕಟ್ಟಡದ ಸಾಮಾನು, ಜನ ಎಲ್ಲ ಹೋಗುವುದು ಇದೊಂದರಲ್ಲೇ. ಆದರೆ ಇವತ್ತು ಒಂದು ಬಾಡಿಗೆ ಲಾರಿ ಗೋದಾಮಿನ ಬಾಗಿಲಿಗೆ ಬಂದು ನಿಂತಿತು. ಕಿಟಕಿ ಗಾಜುಗಳನ್ನು ಹುಷಾರಾಗಿ ಅದಕ್ಕೆ ಏರಿಸುತ್ತಿದ್ದರು. ಅಡಿಯಲ್ಲಿ ಹುಲ್ಲು, ಸುತ್ತ ಹಗ್ಗ. ಏನು ಉಪಚಾರ!

"ಇದ್ಯಾಕೆ ಯಜಮಾನ್ರೆ ಲಾರಿ?"

"ಗಾಜು ಕಣೋ. ದಾರೀಲಿ ಹೆಚ್ಚುಕಮ್ಮಿ ಆದ್ರೆ?"

"ಹೋದ ವಾರ ಟ್ರೇಲರಲ್ಲೇ ಹೋಯ್ತಲ್ಲ?"

"ಅದು ಆವಾಗ," ಎಂದುಬಿಟ್ಟ ಯಜಮಾನ. ಆಮೇಲೆ ಮುಖ ಆ ಕಡೆ ತಿರುಗಿಸಿದ.

ಡ್ರೈವರನ ಮೈ ಉರಿದುಹೋಯಿತು. ಟ್ರೇಲರ್ ಹತ್ತಿರ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಕೊಂಡಿ ಮೇಲೆ ನಂಗೆ ನಂಬಿಕೆ ಇಲ್ಲ. ಯಜಮಾನ್ರಿಗೂ ಇಲ್ಲ. ಅದಕ್ಕೇ ಗಾಜಿಗೆ ಬೇರೆ ಲಾರಿ."

"ಮತ್ತೆ ನಮಗೆ?" ಎಂದಳು ಹೆಂಡತಿ.

"ನಮಗೆ ಇದೇ."

ಗಾರೆ ಹೊರುವ ಅಜ್ಜಿ ಮೊದಲು ಇಳಿದಳು. "ಗಾಜು ಹೋದ್ರೆ ಅವನಿಗೆ ಕರುಳು ಚುರುಕ್ ಅನ್ನುತ್ತೆ. ನಾವು ಹೋದ್ರೆ ಅವರಪ್ಪನ ಗಂಟೇನು ಹೋಗುತ್ತೆ? ಬನ್ರೇ!" ಎನ್ನುತ್ತ ನೆಟ್ಟಗೆ ಹೋಗಿ ಲಾರಿ ಹತ್ತಿದಳು. ಹಿಂದೆಯೇ ಹೆಂಡತಿ ಹತ್ತಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

"ಏಯ್, ಇಳೀರೇ! ಗಾಜಿಗೆ ಜಾಗ ಸಾಲಲ್ಲ!" ಯಜಮಾನ ಕಿರುಚಿಕೊಂಡ.

"ಜಾಗ ಸಾಲದಿದ್ರೆ ಗಾಜನ್ನ ಟ್ರೇಲರಿಗೆ ಹಾಕ್ಸಿ," ಎಂದ ಡ್ರೈವರ್. "ಹೊಸದರ ಹಾಗಿದೆ ಅಂದ್ರಲ್ಲ. ನಾನೇ ಓಡಿಸ್ತೀನಿ."

ಯಜಮಾನ ಜನರನ್ನು ಬೈದ, ಲಾರಿಯವನನ್ನು ಬೈದ, ಪೊಲೀಸರನ್ನು ಕರೆಸುತ್ತೇನೆಂದ. ಗಾಜನ್ನು ಟ್ರೇಲರಿಗೆ ಹಾಕಿ ಎಂಬ ಮಾತು ಮಾತ್ರ ಅವನ ಬಾಯಿಂದ ಹೊರಡಲಿಲ್ಲ.